ಕೊಳವೆಯೊಳಗಿನ ಹದ

ಹೀಟ್ ಪಂಪಿನಲ್ಲಿ ಗ್ಯಾಸು ಸರಿಯಾದ ಪ್ರಮಾಣದಲ್ಲಿದೆಯೇ ಎಂದು ಕೈ ಪಳಗಿದ ಮೆಕ್ಯಾನಿಕ್ ಒಬ್ಬರು ಪರೀಕ್ಷಿಸುವುದನ್ನು ಪಕ್ಕದಲ್ಲಿ ನಿಂತು ನೋಡುವುದೆಂದರೆ ನನಗೆ ಬಲು ಇಷ್ಟ. ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಈ ಯಂತ್ರ ಸರ್ವೇಸಾಮಾನ್ಯ. ಮನೆಯ ಹಿಂದೆ ಹುಲ್ಲಿನ ಅಂಚಿನಲ್ಲಿ ಸಿಮೆಂಟಿನ ಹಾಸಿನ ಮೇಲೆ ಕೂತ ಆ ಪೆಟ್ಟಿಗೆ ಬೇಸಿಗೆಯಲ್ಲಿ ಮನೆಯನ್ನು ತಂಪಾಗಿಡುತ್ತದೆ, ಚಳಿಗಾಲ ಬಂದರೆ ಅದೇ ಬೆಚ್ಚಗಿಡುತ್ತದೆ. ನಾರ್ತ್ ಕ್ಯಾರೊಲೈನಾದ ರಾಲಿ, ಕ್ಯಾರಿ, ಶಾರ್ಲಟ್ ಊರುಗಳಲ್ಲಿ ನೆಲೆಸಿದ ಕನ್ನಡದವರ ಹಿತ್ತಿಲಲ್ಲೂ ಅದು ದಿನವಿಡೀ ಗುಂಯ್‌ಗುಡುತ್ತಿರುತ್ತದೆ. ಅದರೊಳಗೆ ಸುತ್ತುವ, ಗ್ಯಾಸೆಂದು ಕರೆಯುವ ಕೆಲವೇ ಕಿಲೋ ದ್ರವವನ್ನು ಮನೆಯವರು ಎಂದೂ ಕಂಡವರಲ್ಲ. ಮೆಕ್ಯಾನಿಕ್ಕೂ ಕಾಣುವುದಿಲ್ಲ. ತಾಮ್ರದ ಪೈಪಿನೊಳಗೆ ಮುಚ್ಚಿಹೋದ ಆ ವಸ್ತು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂಬುದನ್ನು ಅವರು ಹೊರಗಿನಿಂದಲೇ, ಎರಡು ಒತ್ತಡ ಮತ್ತು ಎರಡು ಉಷ್ಣಾಂಶಗಳ ಆಧಾರದ ಮೇಲೆ ಓದಿ ಹೇಳುತ್ತಾರೆ. ಆ ಓದಿನ ಸೊಗಸನ್ನು ಸಾವಕಾಶವಾಗಿ ಸವಿಯುವುದಷ್ಟೇ ಈ ಬರಹದ ಉದ್ದೇಶ.

ಶಾಖ ತಾನಾಗಿ ಬಿಸಿಯಿಂದ ತಂಪಿನ ಕಡೆಗೆ ಹರಿಯುತ್ತದೆ. ಅದನ್ನು ಎದುರು ದಿಕ್ಕಿಗೆ ಒಯ್ಯಬೇಕಾದರೆ ಶಕ್ತಿ ಖರ್ಚು ಮಾಡಬೇಕು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದ ವಿಲಿಯಂ ಥಾಮ್ಸನ್ 1852ರಲ್ಲೇ ಇಂಥದೊಂದು ಯಂತ್ರದಿಂದ ಕಟ್ಟಡಗಳನ್ನು ಬೆಚ್ಚಗೂ ತಂಪಾಗಿಯೂ ಇಡಬಹುದೆಂದು ತೋರಿಸಿದ್ದರು. 1938ರಲ್ಲಿ ಜ್ಯೂರಿಕ್‌ನ ರಾಥೌಸ್ ಭವನವನ್ನು ಪಕ್ಕದಲ್ಲೇ ಹರಿಯುವ ಲಿಮ್ಮಾಟ್ ನದಿಯ ನೀರಿನಿಂದ ಶಾಖ ಎತ್ತಿ ಬೆಚ್ಚಗಿಡತೊಡಗಿದರು. ಇವತ್ತಿನ ಹಿತ್ತಿಲ ಪೆಟ್ಟಿಗೆಗೆ ನದಿ ಬೇಕಿಲ್ಲ, ಹೊರಗಿನ ಗಾಳಿಯೇ ಸಾಕು. ಚಳಿ ಹಿತಮಿತವಾಗಿರುವ ದಿನ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್‌ನಷ್ಟು ಶಾಖ ಮನೆಯೊಳಗೆ ಬಂದು ಬೀಳುತ್ತದೆ. ಅದರಲ್ಲಿ ಎರಡು ಪಾಲು ನಮಗೆ ತಣ್ಣಗೆನಿಸುವ ಹೊರಗಿನ ಗಾಳಿಯಿಂದಲೇ ಬಂದದ್ದು.

ಇಷ್ಟನ್ನೂ ಸಾಧ್ಯವಾಗಿಸುವುದು ಆ ದ್ರವದ ಗುಣ. ಅಮೆರಿಕದ ಮನೆಗಳಲ್ಲಿ ಈಗ ಅತಿ ಹೆಚ್ಚು ಕಾಣುವ ಆರ್-410ಎ ಹೊರಗಿನ ಗಾಳಿಯ ಒತ್ತಡದಲ್ಲಿ ಸೊನ್ನೆಗಿಂತ 51 ಡಿಗ್ರಿ ಸೆಲ್ಸಿಯಸ್ ಕೆಳಗೇ ಕುದಿಯುತ್ತದೆ. ಒತ್ತಡ ಏರಿಸಿದರೆ ಕುದಿಯುವ ಬಿಂದುವೂ ಏರುತ್ತದೆ. ನಮ್ಮ ಅಡುಗೆಮನೆಯ ಕುಕ್ಕರಿನಲ್ಲಿ ನೀರು 100 ಡಿಗ್ರಿಯಲ್ಲಿ ಕುದಿಯದೆ 120ರ ಹತ್ತಿರ ಕುದಿಯುವುದೂ, ಬೇಳೆ ಬೇಗ ಬೇಯುವುದೂ ಇದೇ ಕಾರಣಕ್ಕೆ. ಹೀಟ್ ಪಂಪು ಈ ಒಂದು ನಿಯಮವನ್ನು ಎರಡು ಕಡೆ ಬಳಸಿಕೊಳ್ಳುತ್ತದೆ. ಒಂದು ಕಾಯಿಲಿನಲ್ಲಿ, ಅಂದರೆ ಕೊಳವೆಯ ಸುರುಳಿಯಲ್ಲಿ, ಒತ್ತಡ ಇಳಿಸಿ ದ್ರವವನ್ನು ತಣ್ಣಗೆ ಕುದಿಸುತ್ತದೆ. ಕುದಿಯುವಾಗ ಅದು ಸುತ್ತಲಿನ ಶಾಖ ಹೀರುತ್ತದೆ. ಇನ್ನೊಂದು ಕಾಯಿಲಿನಲ್ಲಿ ಒತ್ತಡ ಏರಿಸಿ ಆವಿಯನ್ನು ಬಿಸಿಯಲ್ಲೇ ದ್ರವವಾಗಿಸುತ್ತದೆ; ಹೀರಿದ ಶಾಖವನ್ನು ಅದು ಅಲ್ಲಿ ಬಿಡುತ್ತದೆ. ನಡುವೆ ತಳ್ಳಲು ಕಂಪ್ರೆಸರ್, ತಡೆಯಲು ಒಂದು ಇಕ್ಕಟ್ಟಾದ ರಂಧ್ರ ಅಥವಾ ಎಕ್ಸ್‌ಪಾನ್ಷನ್ ವಾಲ್ವ್. ದಿಕ್ಕು ಬದಲಿಸಲು ನಾಲ್ಕು ಬಾಯಿಯ ರಿವರ್ಸಿಂಗ್ ವಾಲ್ವ್. ಯಂತ್ರವೆಂದರೆ ಇಷ್ಟೇ.

ಈ ನಿಯಮದಿಂದ ಹುಟ್ಟಿದ ಅತ್ಯಂತ ಚೆಂದದ ವಸ್ತು ಮೆಕ್ಯಾನಿಕ್ಕಿನ ಕೈಯಲ್ಲಿರುವ ಗೇಜು. ನೀಲಿ ಗೇಜು ಕಡಿಮೆ ಒತ್ತಡದ ಕಡೆಗೆ, ಕೆಂಪು ಗೇಜು ಹೆಚ್ಚು ಒತ್ತಡದ ಕಡೆಗೆ, ನಡುವಿನ ಹಳದಿ ಪೈಪು ಸಿಲಿಂಡರಿಗೆ. ಮುಳ್ಳಿರುವ ಹಳೆಯ ಬಗೆಯ ಗೇಜಿನ ಮುಖವನ್ನು ಹತ್ತಿರದಿಂದ ನೋಡಬೇಕು. ಹೊರಸುತ್ತಿನಲ್ಲಿ ಒತ್ತಡದ ಅಂಕಿ. ಅದರ ಒಳಗೆ ಬೇರೆ ಬೇರೆ ಬಣ್ಣದಲ್ಲಿ ಒಂದರೊಳಗೊಂದು ಉಂಗುರಗಳು, ಒಂದೊಂದು ಗ್ಯಾಸಿಗೆ ಒಂದೊಂದು. ಆ ಉಂಗುರಗಳ ಮೇಲೆ ಉಷ್ಣಾಂಶ ಬರೆದಿದೆ. ಮುಳ್ಳು 118 ಪಿಎಸ್‌ಐ ಮೇಲೆ ನಿಂತಾಗ ಆರ್-410ಎ ಉಂಗುರದಲ್ಲಿ ಅದೇ ಮುಳ್ಳು 40 ಡಿಗ್ರಿ ಫ್ಯಾರನ್‌ಹೀಟ್ ತೋರಿಸುತ್ತದೆ. ಕೊಳವೆಯೊಳಗೆ ದ್ರವವೂ ಆವಿಯೂ ಕೂಡಿರುವಷ್ಟು ಹೊತ್ತು ಒತ್ತಡ ಗೊತ್ತಾದರೆ ಉಷ್ಣಾಂಶ ಗೊತ್ತಾದಂತೆಯೇ. ಕಣ್ಣಿಗೆ ಬೀಳದ, ಕೈಗೆ ಸಿಗದ ಜಾಗದಲ್ಲಿ ದ್ರವ ಎಷ್ಟು ಡಿಗ್ರಿಯಲ್ಲಿ ಕುದಿಯುತ್ತಿದೆ ಎಂಬುದನ್ನು ಒಂದು ಮುಳ್ಳು ಬೆರಳಿಟ್ಟು ತೋರಿಸುತ್ತದೆ. ಈಗಿನವರು ಡಿಜಿಟಲ್ ಗೇಜು ಬಳಸುತ್ತಾರೆ, ಅಂಕಿ ನೇರವಾಗಿ ಫೋನಿಗೇ ಬರುತ್ತದೆ. ಅದು ಹೆಚ್ಚು ನಿಖರವೂ ಹೌದು. ಆದರೂ ಒಂದೇ ಮುಖದ ಮೇಲೆ ಇಷ್ಟು ಗ್ಯಾಸುಗಳ ಜಾತಕ ಬರೆದಿಟ್ಟ ಹಳೆಯ ಗೇಜಿನ ಚೆಲುವನ್ನು ನಾನು ಬಿಟ್ಟುಕೊಡಲಾರೆ.

ಒತ್ತಡವೊಂದೇ ಸಾಲದು, ಕೆಲಸದ ನಿಜವಾದ ರಸವಿರುವುದು ಅಂತರದಲ್ಲಿ. ಬೇಸಿಗೆಯ ಮಧ್ಯಾಹ್ನವೊಂದನ್ನು ತೆಗೆದುಕೊಳ್ಳಿ: ಹೊರಗೆ 95 ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ 35. ಯಂತ್ರ ಕಾಲು ಗಂಟೆಯಿಂದ ಒಂದೇ ಸಮನೆ ಓಡುತ್ತಿದೆ. ಕೆಂಪು ಗೇಜು 365 ಪಿಎಸ್‌ಐ ತೋರಿಸುತ್ತದೆ, ಅಂದರೆ ಹೊರಗಿನ ಕಾಯಿಲಿನಲ್ಲಿ ಆವಿ ದ್ರವವಾಗುತ್ತಿರುವುದು 110 ಡಿಗ್ರಿಯಲ್ಲಿ. ಅಲ್ಲಿಂದ ಹೊರಬರುವ ಸಣ್ಣ ತಾಮ್ರದ ಪೈಪಿಗೆ ಮೆಕ್ಯಾನಿಕ್ ಉಷ್ಣಮಾಪಕದ ಕ್ಲಾಂಪ್ ಹಾಕುತ್ತಾರೆ. ಹಾಕುವ ಮೊದಲು ಪೈಪಿನ ಮೈಯನ್ನು ಉಜ್ಜಿ ಕಿಲುಬು ತೆಗೆಯುತ್ತಾರೆ. ಕ್ಲಾಂಪಿನ ಲೋಹ ತಾಮ್ರಕ್ಕೆ ಅಂಟಿಕೊಂಡು ಕೂರಬೇಕು, ಬಿಸಿಲು ಅದರ ಮೇಲೆ ನೇರವಾಗಿ ಬೀಳಬಾರದು. ಅಂಕಿ ನಿಧಾನಕ್ಕೆ ಇಳಿದು 100ಕ್ಕೆ ನಿಲ್ಲುತ್ತದೆ. 110ರಲ್ಲಿ 100 ಕಳೆದರೆ 10. ಈ ಹತ್ತನ್ನೇ ಸಬ್‌ಕೂಲಿಂಗ್ ಎನ್ನುವುದು. ಆವಿಯೆಲ್ಲ ದ್ರವವಾಗಿ ಮುಗಿದ ಮೇಲೂ ಕಾಯಿಲಿನ ಕೊನೆಯ ಸುತ್ತುಗಳಲ್ಲಿ ಆ ದ್ರವ ಇನ್ನೂ ಹತ್ತು ಡಿಗ್ರಿ ತಣಿದಿದೆ ಎಂದರ್ಥ. ಅಷ್ಟು ತಣಿಯಬೇಕಾದರೆ ಆ ಸುತ್ತುಗಳಲ್ಲಿ ದ್ರವ ತುಂಬಿ ನಿಂತಿರಲೇಬೇಕು. ಗ್ಯಾಸು ಕಡಿಮೆಯಿದ್ದರೆ ನಿಲ್ಲಲು ದ್ರವವಿಲ್ಲ, ಅಂತರ ಎರಡು ಮೂರಕ್ಕೆ ಕುಗ್ಗುತ್ತದೆ. ಹೆಚ್ಚಿದ್ದರೆ ದ್ರವ ಕಾಯಿಲಿನಲ್ಲಿ ಹಿಂದೆ ಹಿಂದಕ್ಕೆ ತುಂಬಿಕೊಂಡು ಅಂತರ ಹದಿನೈದು ಇಪ್ಪತ್ತಕ್ಕೆ ಹಿಗ್ಗುತ್ತದೆ. ಪೈಪನ್ನು ಕೊಯ್ಯದೆ, ಒಂದು ತೊಟ್ಟು ಹೊರಗೆ ಸುರಿಸದೆ, ಒಳಗಿನ ದ್ರವ ಎಲ್ಲಿಯವರೆಗೆ ನಿಂತಿದೆ ಎಂದು ಹೇಳುವ ಕಳೆಯುವ ಲೆಕ್ಕ ಇದು.

ನೀಲಿ ಗೇಜಿನ ಕಡೆ ಇದಕ್ಕೆ ಜೋಡಿಯಾದ ಇನ್ನೊಂದು ಅಂತರ. 118 ಪಿಎಸ್‌ಐ ಎಂದರೆ ಮನೆಯೊಳಗಿನ ಕಾಯಿಲಿನಲ್ಲಿ ದ್ರವ 40 ಡಿಗ್ರಿಯಲ್ಲಿ ಕುದಿಯುತ್ತಿದೆ. ಅಲ್ಲಿಂದ ಹಿಂದಿರುಗುವ ದಪ್ಪ ಪೈಪು 53 ಡಿಗ್ರಿ ಇದ್ದರೆ ಸೂಪರ್‌ಹೀಟ್ 13. ಕುದಿದು ಮುಗಿದ ಮೇಲೆ ಆವಿ ಇನ್ನೂ ಹದಿಮೂರು ಡಿಗ್ರಿ ಬೆಚ್ಚಗಾಗಿದೆ, ಕಂಪ್ರೆಸರಿಗೆ ಹೋಗುತ್ತಿರುವುದರಲ್ಲಿ ದ್ರವದ ಹನಿ ಉಳಿದಿಲ್ಲ. ಇದು ಕಂಪ್ರೆಸರಿನ ಜೀವದ ಪ್ರಶ್ನೆ. ಆವಿಯನ್ನು ಅದು ಒತ್ತಬಲ್ಲದು, ದ್ರವವನ್ನು ಒತ್ತಲಾರದು. ಹನಿಗಳು ಬಂದು ಬಡಿಯುತ್ತಲೇ ಇದ್ದರೆ ಎಣ್ಣೆ ತೊಳೆದು ಹೋಗುತ್ತದೆ, ಒಳಗಿನ ಭಾಗಗಳು ಮುರಿಯುತ್ತವೆ. ಹಾಗೆಂದು ಅಂತರ ತೀರಾ ಹೆಚ್ಚಾದರೂ ಕೇಡೇ: ಮೋಟಾರನ್ನು ತಣಿಸುವುದು ಹಿಂದಿರುಗುವ ಆ ತಣ್ಣನೆಯ ಆವಿಯೇ ಆದ್ದರಿಂದ, ಅದು ಬಿಸಿಯಾಗಿ ಬಂದರೆ ಕಂಪ್ರೆಸರ್ ಕಾದು ಸೊರಗುತ್ತದೆ. ಹಳೆಯ ಕಾಲದ ಅಮೆರಿಕದ ಮೆಕ್ಯಾನಿಕ್ಕುಗಳು ದಪ್ಪ ಪೈಪನ್ನು ಕೈಯಲ್ಲಿ ಹಿಡಿದು, ತಣ್ಣನೆಯ ಬಿಯರ್ ಡಬ್ಬಿಯಷ್ಟು ತಂಪಾಗಿದ್ದರೆ ಸರಿ ಎನ್ನುತ್ತಿದ್ದರು. ಆ ಕೈಗಳ ಅನುಭವಕ್ಕೆ ಗೌರವ ಸಲ್ಲಲೇಬೇಕು. ಆದರೆ ಐದು ಡಿಗ್ರಿಗೂ ಹದಿಮೂರು ಡಿಗ್ರಿಗೂ ಇರುವ ವ್ಯತ್ಯಾಸ ಅಂಗೈಗೆ ತಿಳಿಯದು. ಕಂಪ್ರೆಸರಿನ ಆಯುಷ್ಯ ನಿಂತಿರುವುದು ಆ ವ್ಯತ್ಯಾಸದ ಮೇಲೆ.

ಎರಡು ಅಂತರಗಳನ್ನೂ ಒಟ್ಟಿಗೆ ಇಟ್ಟು ನೋಡುವಾಗ ಈ ವಿದ್ಯೆ ತನ್ನ ಪೂರ್ಣ ಸೌಂದರ್ಯದಲ್ಲಿ ತೆರೆದುಕೊಳ್ಳುತ್ತದೆ. ಸೂಪರ್‌ಹೀಟ್ ಹೆಚ್ಚು, ಸಬ್‌ಕೂಲಿಂಗ್ ಕಡಿಮೆ: ಗ್ಯಾಸು ಕಡಿಮೆಯಾಗಿದೆ. ಸೂಪರ್‌ಹೀಟ್ ಹೆಚ್ಚು, ಸಬ್‌ಕೂಲಿಂಗೂ ಹೆಚ್ಚು: ಗ್ಯಾಸಿಗೆ ಕೊರತೆಯಿಲ್ಲ, ತೇವ ಹೀರುವ ಡ್ರೈಯರ್ ಅಥವಾ ಎಕ್ಸ್‌ಪಾನ್ಷನ್ ವಾಲ್ವ್ ಕಟ್ಟಿಕೊಂಡು ದ್ರವ ಈಚೆಗೇ ಉಳಿದಿದೆ. ನೀಲಿ ಗೇಜಿನ ಒತ್ತಡ ಕಡಿಮೆ, ಸೂಪರ್‌ಹೀಟೂ ಕಡಿಮೆ: ಮನೆಯೊಳಗಿನ ಕಾಯಿಲಿನ ಮೇಲೆ ಗಾಳಿ ಸಾಕಷ್ಟು ಹಾಯುತ್ತಿಲ್ಲ, ಫಿಲ್ಟರ್ ನೋಡಿ. ಮೂರರಲ್ಲೂ ಮನೆಯವರ ದೂರು ಒಂದೇ, ಮನೆ ತಣ್ಣಗಾಗುತ್ತಿಲ್ಲ ಎಂದು. ನೀಲಿ ಗೇಜನ್ನಷ್ಟೇ ನೋಡಿದರೆ ಮೂರರಲ್ಲೂ ಮುಳ್ಳು ಕೆಳಗಿಳಿದಿರುತ್ತದೆ. ಒಂದೇ ಅಂಕಿ ನೋಡಿದವರು ಮೂರು ಸಲವೂ ಸಿಲಿಂಡರ್ ತೆರೆದಾರು. ಎರಡು ಅಂತರ ನೋಡಿದವರು ಒಂದೇ ಸಲ ತೆರೆಯುತ್ತಾರೆ.

ಅದಕ್ಕೇ ಬಲ್ಲವರು ಗೇಜನ್ನು ಕೊನೆಗೆ ಹೊರತೆಗೆಯುತ್ತಾರೆ. ಮೊದಲು ಫಿಲ್ಟರ್ ಎಳೆದು ಬೆಳಕಿಗೆ ಹಿಡಿಯುತ್ತಾರೆ, ಎರಡೂ ಕಾಯಿಲುಗಳ ಕೊಳೆ ನೋಡುತ್ತಾರೆ, ಫ್ಯಾನಿನ ವೇಗ ನೋಡುತ್ತಾರೆ. ಒಂದು ಟನ್ ಸಾಮರ್ಥ್ಯಕ್ಕೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ ಹಾಯಬೇಕೆಂಬುದು ಅಲ್ಲಿನ ರೂಢಿಯ ಲೆಕ್ಕ. ಮೂರು ಟನ್ನಿನ ಯಂತ್ರಕ್ಕೆ 1,200. ಗಾಳಿ ಸರಿಯಿಲ್ಲದಿದ್ದರೆ ಗೇಜಿನ ಯಾವ ಅಂಕಿಗೂ ಅರ್ಥವಿಲ್ಲ. ಆಮೇಲೆ ಯಂತ್ರದ ಒಳಗೆ ಯಾವ ಬಗೆಯ ತಡೆ ಇದೆ ಎಂದು ತಿಳಿಯಬೇಕು. ಎಕ್ಸ್‌ಪಾನ್ಷನ್ ವಾಲ್ವ್ ಇದ್ದರೆ ಅದು ಸೂಪರ್‌ಹೀಟನ್ನು ತಾನೇ ಕಾಯ್ದುಕೊಳ್ಳುತ್ತದೆ, ಆದ್ದರಿಂದ ಗ್ಯಾಸಿನ ಪ್ರಮಾಣವನ್ನು ಸಬ್‌ಕೂಲಿಂಗಿನಿಂದ ಅಳೆಯಬೇಕು. ಎಷ್ಟಿರಬೇಕೆಂಬ ಗುರಿ ಪೆಟ್ಟಿಗೆಯ ಫಲಕದ ಮೇಲೇ ಅಚ್ಚಾಗಿರುತ್ತದೆ. ಬರೀ ರಂಧ್ರದ ಪಿಸ್ಟನ್ ಇದ್ದರೆ ಸೂಪರ್‌ಹೀಟಿನಿಂದ ಅಳೆಯಬೇಕು, ಮತ್ತು ಆ ಗುರಿ ಹವೆಯೊಡನೆ ಬದಲಾಗುತ್ತದೆ. ಉಷ್ಣಮಾಪಕದ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಒಳಗಿನ ಕಾಯಿಲಿಗೆ ಹೋಗುವ ಗಾಳಿಯಲ್ಲಿ ಹಿಡಿದು ಅದರ ತೇವವನ್ನು ಅಳೆಯುತ್ತಾರೆ. ಹೊರಗೆ 95 ಇದ್ದು ಒದ್ದೆ ಬಟ್ಟೆ 67 ತೋರಿಸಿದರೆ ಗುರಿ ಸುಮಾರು 13. ಅದೇ ಬಿಸಿಲಿಗೆ ಒದ್ದೆ ಬಟ್ಟೆ 71 ತೋರಿಸುವಷ್ಟು ತೇವವಿದ್ದರೆ ಗುರಿ 19ರ ಹತ್ತಿರ ಹೋಗುತ್ತದೆ. ಒಂದೇ ಮನೆ, ಒಂದೇ ಯಂತ್ರ, ಅಷ್ಟೇ ಗ್ಯಾಸು. ಮನೆಯೊಳಗಿನ ಗಾಳಿಯ ತೇವ ಬದಲಾದರೆ ಸರಿಯಾದ ಉತ್ತರವೂ ಬದಲಾಗುತ್ತದೆ. ಈ ಸೂಕ್ಷ್ಮ ನನ್ನನ್ನು ಪ್ರತಿ ಸಲವೂ ಬೆರಗಾಗಿಸುತ್ತದೆ.

ಗ್ಯಾಸು ಕಡಿಮೆ ಎಂದು ಖಚಿತವಾದ ಮೇಲೆ ಹಾಕುವ ಬಗೆಯಲ್ಲೂ ಒಂದು ಶಿಸ್ತಿದೆ. ಸಿಲಿಂಡರ್ ತಕ್ಕಡಿಯ ಮೇಲೆ ಕೂರುತ್ತದೆ. ಆರ್-410ಎ ಎರಡು ವಸ್ತುಗಳ ಸಮಪಾಲಿನ ಮಿಶ್ರಣ. ಮಿಶ್ರಣ ಕೆಡದಿರಲೆಂದು ಅದನ್ನು ದ್ರವರೂಪದಲ್ಲೇ ಹೊರತೆಗೆಯಬೇಕು. ದ್ರವ ಕಂಪ್ರೆಸರಿಗೆ ನೇರ ಹೋಗಬಾರದು, ಆದ್ದರಿಂದ ಗೇಜಿನ ಕೈಹಿಡಿಯನ್ನು ಕೂದಲೆಳೆಯಷ್ಟೇ ತೆರೆದು, ದಾರಿಯಲ್ಲೇ ಆವಿಯಾಗುವಂತೆ ತೊಟ್ಟುತೊಟ್ಟಾಗಿ ಬಿಡುತ್ತಾರೆ. ತಕ್ಕಡಿಯಲ್ಲಿ ನಾಲ್ಕೈದು ಔನ್ಸ್ ಇಳಿಯುತ್ತಲೇ ಕೈಹಿಡಿ ಮುಚ್ಚುತ್ತದೆ. ಆಮೇಲೆ ಕಾಯುವುದು. ಹೊಸದಾಗಿ ಹೋದ ಗ್ಯಾಸು ಇಡೀ ಸುತ್ತಿನಲ್ಲಿ ಹರಡಿ, ಒತ್ತಡಗಳು ಹೊಂದಿಕೊಂಡು, ಪೈಪಿನ ಉಷ್ಣಾಂಶ ಒಂದೆಡೆ ನಿಲ್ಲಲು ಹತ್ತು ಹದಿನೈದು ನಿಮಿಷ ಬೇಕು. ಆ ಹೊತ್ತಿನಲ್ಲಿ ಒಳ್ಳೆಯ ಮೆಕ್ಯಾನಿಕ್ ಬೇರೇನನ್ನೂ ಮುಟ್ಟುವುದಿಲ್ಲ. ಸಬ್‌ಕೂಲಿಂಗ್ ಮೂರಿದ್ದದ್ದು ಐದಾಗುತ್ತದೆ, ಐದು ಏಳಾಗುತ್ತದೆ. ಇನ್ನೊಂದಿಷ್ಟು ಹಾಕು ಎಂದು ಕೈ ತುಡಿಯುವಾಗ ತಡೆದು ನಿಲ್ಲುವುದೇ ಈ ಕಸುಬಿನ ಅತ್ಯಂತ ಪಕ್ವವಾದ ಭಾಗ. ಹಾಕಿದ್ದನ್ನು ಹಿಂದೆ ತೆಗೆಯುವುದು ಹಾಕಿದಷ್ಟು ಸುಲಭವಲ್ಲ. ಹೊರಗೆ ಬಿಟ್ಟುಬಿಡುವಂತೆಯೂ ಇಲ್ಲ. ಅಮೆರಿಕದಲ್ಲಿ 1992ರ ಜುಲೈಯಿಂದ ಓಜೋನ್ ಪದರ ಕೆಡಿಸುವ ಗ್ಯಾಸುಗಳನ್ನು ಬೇಕೆಂದೇ ಗಾಳಿಗೆ ಬಿಡುವುದು ಕಾನೂನಿಗೆ ವಿರುದ್ಧವಾಯಿತು. ಮುಂದೆ ಆ ನಿಷೇಧ ಆರ್-410ಎಯಂಥ ಗ್ಯಾಸುಗಳಿಗೂ ಬಂತು. ಹೆಚ್ಚಾದದ್ದನ್ನು ರಿಕವರಿ ಯಂತ್ರದಿಂದ ಖಾಲಿ ಸಿಲಿಂಡರಿಗೆ ಎಳೆದುಕೊಳ್ಳಬೇಕು.

ಚಳಿಗಾಲದಲ್ಲಿ ಈ ಕೆಲಸದ ಸ್ವರೂಪವೇ ಬೇರೆ. ರಿವರ್ಸಿಂಗ್ ವಾಲ್ವ್ ಟಪ್ಪೆಂದು ತಿರುಗಿದೊಡನೆ ಕಾಯಿಲುಗಳ ಪಾತ್ರ ಅದಲುಬದಲು. ಬೇಸಿಗೆಯಲ್ಲಿ ಬೆವರಿ ತಣ್ಣಗಿದ್ದ ದಪ್ಪ ಪೈಪು ಈಗ ಮುಟ್ಟಲಾಗದಷ್ಟು ಬಿಸಿ ಆವಿಯನ್ನು ಒಯ್ಯುತ್ತದೆ. ಅಲ್ಲಿಗೆ ನೀಲಿ ಗೇಜನ್ನು ಜೋಡಿಸಿದರೆ ಅದು ಹೆಚ್ಚು ಒತ್ತಡವನ್ನೇ ತೋರಿಸುತ್ತದೆ. ಹೀಗಾಗಿ ತಯಾರಕರು ಕಂಪ್ರೆಸರಿನ ಬಾಯಿಗೇ ನೇರ ಹೋಗುವ ಮೂರನೆಯ ಪೋರ್ಟ್ ಒಂದನ್ನು ಕೊಡುತ್ತಾರೆ. ವಾಲ್ವ್ ಯಾವ ಕಡೆ ತಿರುಗಿದರೂ ಅಲ್ಲಿ ಕಡಿಮೆ ಒತ್ತಡವೇ. ಇನ್ನೊಂದು ತೊಡಕೂ ಇದೆ. ಮನೆಯೊಳಗಿನ ಕಾಯಿಲು ಸಾಮಾನ್ಯವಾಗಿ ಹೊರಗಿನದಕ್ಕಿಂತ ಚಿಕ್ಕದು. ಬಿಸಿ ಮಾಡುವಾಗ ಸುತ್ತಿಗೆ ಬೇಕಾದ ಗ್ಯಾಸೂ ಕಡಿಮೆ, ಮಿಕ್ಕಿದ್ದು ಕಂಪ್ರೆಸರಿನ ಪಕ್ಕದ ಅಕ್ಯುಮುಲೇಟರ್ ಎಂಬ ಉರುಟು ಡಬ್ಬಿಯಲ್ಲಿ ಹೋಗಿ ಕೂರುತ್ತದೆ. ಬೇಸಿಗೆಯ ಸಬ್‌ಕೂಲಿಂಗ್ ಲೆಕ್ಕ ಆಗ ನಡೆಯದು. ಜನವರಿಯಲ್ಲಿ ಬಂದವರೊಬ್ಬರು ಒತ್ತಡ ಕಡಿಮೆ ಎಂದು ಅಂದಾಜಿನಲ್ಲಿ ತುಂಬಿ ಹೋದರೆ ಅದರ ಫಲ ಕಾಣುವುದು ಜುಲೈಯಲ್ಲಿ, ಕೆಂಪು ಗೇಜು ಮೇಲೇರಿದಾಗ.

ಚಳಿಗಾಲದ ಪ್ರಾಮಾಣಿಕ ದಾರಿ ತೂಕದ್ದು. ಇದ್ದ ಗ್ಯಾಸನ್ನೆಲ್ಲ ಹಿಂದೆ ತೆಗೆದುಕೊಂಡು, ನೈಟ್ರೋಜನ್ ತುಂಬಿ, ಬೆಸುಗೆಗಳಿಗೂ ನಟ್ಟುಗಳಿಗೂ ಸೋಪಿನ ನೊರೆ ಹಚ್ಚಿ ಲೀಕ್ ಹುಡುಕಿ ಮುಚ್ಚಬೇಕು. ಮತ್ತೆ ವ್ಯಾಕ್ಯೂಮ್ ಪಂಪ್ ಹಚ್ಚಿ ಒಳಗಿನ ಒತ್ತಡವನ್ನು 500 ಮೈಕ್ರಾನ್‌ಗೆ, ಅಂದರೆ ಪಾದರಸದ ಅರ್ಧ ಮಿಲಿಮೀಟರಿಗೆ ಇಳಿಸಬೇಕು. ಅಷ್ಟು ಇಳಿದಾಗ ಪೈಪಿನೊಳಗೆ ಅಡಗಿದ ತೇವವೂ ಆವಿಯಾಗಿ ಹೊರಬರುತ್ತದೆ. ಪಂಪ್ ನಿಲ್ಲಿಸಿದ ಮೇಲೂ ಅಂಕಿ ಏರದೆ ನಿಂತರೆ ಒಳಗೆ ಒಣಗಿದೆ, ಸೋರಿಕೆಯಿಲ್ಲ. ಕೊನೆಗೆ ಫಲಕದ ಮೇಲಿನ ತೂಕ ನೋಡಿ ಹಾಕುವುದು. ಅಲ್ಲೂ ಒಂದು ಲೆಕ್ಕ ಬಾಕಿ. ಅಲ್ಲಿನ ಬಹಳಷ್ಟು ಯಂತ್ರಗಳಲ್ಲಿ ಕಾರ್ಖಾನೆಯವರು ತುಂಬಿ ಕಳಿಸುವುದು 15 ಅಡಿ ಪೈಪಿಗೆ ಸಾಲುವಷ್ಟು. ಮನೆಯ ಪೈಪು 40 ಅಡಿ ಇದ್ದರೆ ಉಳಿದ 25 ಅಡಿಗೆ, 3/8 ಅಂಗುಲದ ದ್ರವದ ಪೈಪಾದರೆ ಅಡಿಗೆ 0.6 ಔನ್ಸಿನಂತೆ, 15 ಔನ್ಸ್ ಹೆಚ್ಚು ಹಾಕಬೇಕು. ಗೋಡೆಯೊಳಗೆ ಪೈಪು ಎಲ್ಲಿ ತಿರುಗಿ ಎಲ್ಲಿ ಏರಿದೆ ಎಂದು ಹೆಜ್ಜೆ ಹಾಕಿ ಅಳೆಯುವವರನ್ನು ಕಂಡರೆ ನನಗೆ ಅವರ ಕೆಲಸದ ಮೇಲೆ ಅಲ್ಲೇ ಭರವಸೆ ಹುಟ್ಟುತ್ತದೆ.

ಬೆಂಗಳೂರಿನ, ಮಂಗಳೂರಿನ, ಕಲಬುರಗಿಯ ಮನೆಗಳ ಸ್ಪ್ಲಿಟ್ ಎಸಿಯದೂ ಇದೇ ಕುಲ. ಹಾಟ್ ಅಂಡ್ ಕೋಲ್ಡ್ ಎಂದು ಮಾರುವ ಎಸಿಯಂತೂ ಸಾಕ್ಷಾತ್ ಹೀಟ್ ಪಂಪೇ. ನಮ್ಮಲ್ಲಿ ಬೇಸಿಗೆ ಬಂತೆಂದರೆ ಎಸಿಗೆ ಗ್ಯಾಸ್ ಹಾಕಿಸಬೇಕು ಎಂಬ ಮಾತು ಮನೆಮನೆಯಲ್ಲೂ ಕೇಳುತ್ತದೆ, ಅಡುಗೆ ಸಿಲಿಂಡರಿನ ಹಾಗೆ ಉರಿದು ಮುಗಿಯುವ ಪದಾರ್ಥ ಎಂಬಂತೆ. ಮುಚ್ಚಿದ ಸುತ್ತಿನಲ್ಲಿ ಗ್ಯಾಸು ಎಂದೂ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ, ಬಹಳ ಸಲ ಗೋಡೆಯಾಚೆಯ ಫ್ಲೇರ್ ನಟ್ಟಿನ ಸಂದಿಯಲ್ಲಿ. ಅದನ್ನು ಹುಡುಕಿ ಮುಚ್ಚದೆ ಹಾಕಿದ ಗ್ಯಾಸು ಮುಂದಿನ ಬೇಸಿಗೆಯೊಳಗೆ ಅದೇ ದಾರಿ ಹಿಡಿಯುತ್ತದೆ. ಇನ್ವರ್ಟರ್ ಎಸಿಯ ಕಂಪ್ರೆಸರ್ ತನ್ನ ವೇಗವನ್ನು ಗಳಿಗೆಗೊಮ್ಮೆ ಬದಲಿಸುವುದರಿಂದ ಒತ್ತಡವೂ ಜೊತೆಗೇ ಕುಣಿಯುತ್ತದೆ. ಅಲ್ಲಿ ಗೇಜಿನ ಅಂದಾಜಿಗಿಂತ ತಕ್ಕಡಿಯ ಮಾತೇ ಗಟ್ಟಿ. ಹೊರಗಿನ ಯೂನಿಟ್ಟಿನ ಲೇಬಲ್ಲಿನ ಮೇಲೆ ಆರ್-32 ಎಂಬ ಗ್ಯಾಸು ಎಷ್ಟು ಎಂದು ಬರೆದೇ ಇರುತ್ತದೆ. ಚಿಕ್ಕ ಎಸಿಯಲ್ಲಿ ಇಡೀ ಗ್ಯಾಸಿನ ತೂಕವೇ ಒಂದು ಕಿಲೋಗಿಂತ ಕಡಿಮೆ; ಅಲ್ಲಿ ನೂರು ಗ್ರಾಂ ಏರುಪೇರಾದರೂ ಸಣ್ಣದಲ್ಲ.

ಈ ಗ್ರಾಂ ಲೆಕ್ಕದ ಪರಿಣಾಮ ಮನೆಯ ಕರೆಂಟ್ ಬಿಲ್ಲಿಗಷ್ಟೇ ನಿಲ್ಲುವುದಿಲ್ಲ. ಆರ್-410ಎ ಒಂದು ಕಿಲೋ ಗಾಳಿಗೆ ಸೇರಿದರೆ ನೂರು ವರ್ಷದ ಲೆಕ್ಕದಲ್ಲಿ ಸುಮಾರು ಎರಡು ಟನ್ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಕಾಯಿಸುತ್ತದೆ. ಆರ್-32ರ ತಾಪಶಕ್ತಿ ಅದರ ಮೂರನೆಯ ಒಂದು ಪಾಲಿನಷ್ಟು. ಅಮೆರಿಕದಲ್ಲಿ 2025ರ ಹೊಸ ಮನೆಯಂತ್ರಗಳು ಆರ್-454ಬಿ ಮತ್ತು ಆರ್-32 ಕಡೆಗೆ ತಿರುಗಿವೆ. ಆರ್-454ಬಿ ಕುದಿಯಲು ತೊಡಗುವ ಡಿಗ್ರಿಗೂ ಕುದಿದು ಮುಗಿಯುವ ಡಿಗ್ರಿಗೂ ಒಂದಿಷ್ಟು ಅಂತರವಿದೆ. ಹೀಗಾಗಿ ಅದರ ಒತ್ತಡ-ಉಷ್ಣಾಂಶದ ಪಟ್ಟಿಯಲ್ಲಿ ಸಬ್‌ಕೂಲಿಂಗಿಗೆ ಒಂದು ಅಂಕಣ, ಸೂಪರ್‌ಹೀಟಿಗೆ ಇನ್ನೊಂದು ಅಂಕಣ ನೋಡಬೇಕು. ಆರ್-454ಬಿ, ಆರ್-32 ಎರಡೂ ಕೊಂಚ ಉರಿಯುವ ಗುಣದವು ಬೇರೆ. ಗ್ಯಾಸು ಬದಲಾದರೂ ಓದುವ ಕ್ರಮ ಬದಲಾಗಿಲ್ಲ, ಇನ್ನಷ್ಟು ಸೂಕ್ಷ್ಮವಾಗಿದೆ. ಗೇಜು ಬಿಚ್ಚುವಾಗ ಕೆಂಪು ಪೈಪಿನಲ್ಲಿ ಉಳಿದ ದ್ರವವನ್ನೂ ನೀಲಿಯ ಕಡೆಯಿಂದ ಯಂತ್ರಕ್ಕೇ ನಿಧಾನವಾಗಿ ಹಿಂದೆ ಬಿಟ್ಟು, ಆಮೇಲೆ ಕಳಚುವ ಮೆಕ್ಯಾನಿಕ್ಕುಗಳಿದ್ದಾರೆ. ಹಾಗೆ ಉಳಿಸಿದ್ದು ಅತಿ ಕಡಿಮೆ, ಮನೆಯವರಿಗೆ ಅದು ಗೊತ್ತಾಗುವುದೂ ಇಲ್ಲ. ಯಾರೂ ನೋಡದ ಆ ಎಚ್ಚರವನ್ನು ನಾನು ಈ ಕಸುಬಿನ ಶೀಲವೆಂದೇ ಎಣಿಸುತ್ತೇನೆ.

ಇಂಥ ಕೆಲಸವನ್ನು ಮೆಚ್ಚಲು ನಮಗೂ ಒಂದು ದಾರಿಯಿದೆ. ಮುಂದಿನ ಸಲ ಮೆಕ್ಯಾನಿಕ್ ಬಂದಾಗ ಗ್ಯಾಸ್ ಹಾಕಿದಿರಾ ಎಂದು ಕೇಳುವ ಬದಲು ಸೂಪರ್‌ಹೀಟ್ ಎಷ್ಟು ಬಂತು, ಸಬ್‌ಕೂಲಿಂಗ್ ಎಷ್ಟು ಬಂತು, ತಕ್ಕಡಿಯಲ್ಲಿ ಎಷ್ಟು ಇಳಿಯಿತು ಎಂದು ಕೇಳೋಣ. ಆ ಅಂಕಿಗಳನ್ನು, ಆ ದಿನದ ಬಿಸಿಲಿನ ಅಂಕಿಯ ಜೊತೆ, ಯೂನಿಟ್ಟಿನ ಮುಚ್ಚಳದ ಒಳಗಡೆ ತಾರೀಖು ಹಾಕಿ ಬರೆಸಿಡೋಣ. ಬಲ್ಲವರಿಗೆ ಆ ಪ್ರಶ್ನೆಯಿಂದ ಸಂತೋಷವಾಗುತ್ತದೆ, ತಾವು ಮಾಡಿದ್ದನ್ನು ತೂಗಿ ನೋಡುವವರು ಸಿಕ್ಕರೆಂದು. ಮುಂದೆ ಬರುವ ಮೆಕ್ಯಾನಿಕ್ ಮುಚ್ಚಳ ತೆಗೆದೊಡನೆ ಹೋದ ಸಲದ ಅಂಕಿಯೊಡನೆ ಈ ಸಲದ್ದನ್ನು ಹೋಲಿಸಬಹುದು. ಸೋರಿಕೆ ಇದೆಯೋ ಇಲ್ಲವೋ ಎಂಬ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಒಬ್ಬರು ಹದ ನೋಡಿ ಮಾಡಿದ ಕೆಲಸ ಹೀಗೆ ಇನ್ನೊಬ್ಬರ ಕೈಗೆ ದಾಟುತ್ತದೆ.